ಚೆಂಡೆ-ಮದ್ದಳೆ ಎಲ್‌ಪಿಯ ಕವರಿಗೆ ಏನೂ ಹೊಳೆಯದಿದ್ದರೆ

ನಿಮ್ಮ ಚೆಂಡೆ-ಮದ್ದಳೆ ಎಲ್‌ಪಿಗೆ, ಅಂದರೆ ದೊಡ್ಡ ಗ್ರಾಮಫೋನ್ ರೆಕಾರ್ಡಿಗೆ, ಕವರು ಮಾಡಲು ಫೋನಿನಲ್ಲಿ ನೂರಾರು ಕವರು ನೋಡಿದರೂ ನಿಮ್ಮದೇ ಅನ್ನುವಂಥದ್ದು ಹೊಳೆಯುತ್ತಿಲ್ಲ ಅಂದಿದ್ದೀರಿ. ನೋಡಿದ್ದೇ ಹೆಚ್ಚಾಗಿರಬೇಕು, ನನಗೂ ಹಾಗೇ ಆಗಿತ್ತು. ಒಂದು ವಾರ ಅದನ್ನು ಬಿಡಿ, ರೆಕಾರ್ಡಿಂಗನ್ನು ಕಣ್ಣು ಮುಚ್ಚಿ ಎರಡು ಸಲ ಕೇಳಿ.

ಆಮೇಲೆ ನಿಮ್ಮೂರು ಕುಂಬಳೆಯಲ್ಲೇ ಕೈಗೆ ಸಿಗುವ ವಸ್ತುವಿನಿಂದ ಶುರು ಮಾಡಿ. ಮುರಕಲ್ಲಿನ (ತೂತು ತೂತಾದ ಕೆಂಪು ಕಲ್ಲಿನ) ಗೋಡೆಗೆ ತೆಳು ಕಾಗದ ಹಿಡಿದು ಕಪ್ಪು ಕ್ರೇಯಾನ್ ಉಜ್ಜಿದರೆ ಕಲ್ಲಿನ ತೂತುಗಳೆಲ್ಲ ಮೂಡುತ್ತವೆ, ಒಂದರಂತೆ ಇನ್ನೊಂದು ಬರುವುದಿಲ್ಲ. ಇದ್ದಿಲು ಬೇಡ, ಕೈಗೆಲ್ಲ ಹತ್ತುತ್ತದೆ. ಅದನ್ನು ದಪ್ಪ ರಟ್ಟಿಗೆ ಅಂಟಿಸಿ. 12 ಇಂಚಿನ ರೆಕಾರ್ಡಿಗೆ ಕವರು ಸುಮಾರು 31.5 ಸೆಂ.ಮೀ. ಚೌಕ ಇರಲಿ.

ಇನ್ನು ಮದ್ದಳೆ. ಅದರ ಚಿತ್ರ ಬರೆಯಬೇಡಿ. ಕವರಿನ ನಟ್ಟನಡುವೆ 10 ಸೆಂ.ಮೀ. ಅಗಲದ ಗುಂಡು ತೂತು ಕತ್ತರಿಸಿ. ರೆಕಾರ್ಡಿನ ನಡುವೆ ಅಂಟಿಸುವ ಗುಂಡು ಲೇಬಲ್ ಅಷ್ಟೇ ಅಗಲ. ಲೇಬಲನ್ನು ಪೂರ್ತಿ ಕಪ್ಪಾಗಿ ಮಾಡಿಸಿದರೆ, ಮದ್ದಳೆಯ ಮುಚ್ಚಿಗೆಯ (ಬಾರಿಸುವ ಚರ್ಮದ) ನಡುವಿನ ಕಪ್ಪು ತಾನಾಗಿ ಕಾಣುತ್ತದೆ! ಒಳಗಿನ ಕಾಗದದ ಚೀಲವೂ ನಡುವೆ ತೂತಿರುವಂಥದ್ದೇ ಆಗಬೇಕು. ಚೀಲವಿಲ್ಲದೆ ಹಾಕಿದರೆ ಗೀರು ಬೀಳುತ್ತದೆ.

ಅಡಿಕೆ ಹಾಳೆಯ ಪಟ್ಟಿ ಕವರಿನ ಬೆನ್ನಿಗೆ ತುಂಬ ಚೆಂದ, ಆದರೆ ನಮ್ಮ ಮಳೆಗೆ ಬೂಷ್ಟು ಹಿಡಿದೀತೋ ಏನೋ. ಮೊದಲು ಒಂದೇ ಒಂದು ಮಾಡಿ ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆಯುವವರೆಗೆ ಇಟ್ಟು ನೋಡಿ.