ಆ ಬೇಲಿ ಹಾಕಬೇಕಾಗಿದ್ದವಳು ನೀನಲ್ಲ

ಚಿತ್ರದುರ್ಗ ಜಿಲ್ಲೆಯ 16ರ ಹುಡುಗಿಯೊಬ್ಬಳ ಪತ್ರ ಓದಿದ ಮೇಲೆ ಈ ವಾರ ಬೇರೆ ಯಾವ ಪತ್ರಕ್ಕೂ ಉತ್ತರಿಸಲು ಮನಸ್ಸು ಬರಲಿಲ್ಲ.

ಬೇಸಿಗೆ ರಜೆ, ಅಪ್ಪ ಅಮ್ಮ ಸಂತೆಗೆ ಹೋಗಿದ್ದರು. 9 ವರ್ಷದ ತಮ್ಮ 'ಹೊಂಡದ ಹತ್ರ ಹೋಗಣ ಬಾರೇ ಅಕ್ಕ' ಅಂದ. ಇವಳು ಮೊಬೈಲಿನಿಂದ ತಲೆ ಎತ್ತದೆ 'ನೀನೇ ಹೋಗೋ, ತಲೆ ತಿನ್ಬೇಡ' ಅಂದಳು. ಹುಡುಗ ಕೃಷಿ ಹೊಂಡಕ್ಕೆ ಜಾರಿಬಿದ್ದು ತೀರಿಕೊಂಡ. ತಾನು ಹಾಗೆ ಅಂದಿದ್ದನ್ನು ಇವಳು ಇವತ್ತಿಗೂ ಯಾರಿಗೂ ಹೇಳಿಲ್ಲ. ಓದು ತಲೆಗೆ ಹತ್ತುತ್ತಿಲ್ಲ, ಊಟ ಸೇರುತ್ತಿಲ್ಲ. ಸಾಲದ್ದಕ್ಕೆ ತಿಥಿಯ ದಿನ ದೊಡ್ಡಮ್ಮ ನೆಂಟರೆದುರು 'ಮೊಬೈಲ್ ಹಿಡ್ಕಂಡು ಕೂತು ತಮ್ಮನ್ನ ನುಂಗ್ಕಂಡ್ಲು' ಅಂದರಂತೆ.

ಮಗಳೇ, ಕೊನೆಯಲ್ಲಿ ಒಂದು ಸಾಲು ಬರೆದು ಸುಮ್ಮನಾಗಿದ್ದೀಯ: 'ಅಪ್ಪ ಈಗ ಹೊಂಡದ ಸುತ್ತ ತಂತಿಬೇಲಿ ಹಾಕ್ಸಿದಾರೆ, ದಿನಾ ಸಂಜೆ ಅಲ್ಲಿ ಹೋಗಿ ನಿಂತು ಬರ್ತೀನಿ.'

ಅಂದರೆ ಅವತ್ತು ಬೇಲಿ ಇರಲಿಲ್ಲ.

2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯ ಹೊಲಗಳಲ್ಲಿ ಇಂಥ ಹೊಂಡಗಳು ಸಾವಿರಗಟ್ಟಲೆ ಆದವು. ನೀರು ಇಂಗದಿರಲೆಂದು ಒಳಗೆ ಪ್ಲಾಸ್ಟಿಕ್ ಹೊದಿಕೆ ಹಾಸುತ್ತಾರೆ. ಅದು ಪಾಚಿಗಟ್ಟಿದರೆ ಕಾಲು ನಿಲ್ಲುವುದಿಲ್ಲ, ಹಿಡಿಯಲು ಒಂದು ಹುಲ್ಲುಗರಿಯೂ ಸಿಗುವುದಿಲ್ಲ. ಈಜು ಬಲ್ಲ ಗಂಡಸರೇ ಹತ್ತಲಾರದೆ ಸತ್ತಿದ್ದಾರೆ. ನೀನು ಜೊತೆಗಿದ್ದಿದ್ದರೆ ಅವನ ಕೈ ಹಿಡಿಯಲು ಇಳಿಯುತ್ತಿದ್ದೆ, ಆ ಮನೆಯಲ್ಲಿ ಎರಡು ತಿಥಿ ಆಗಬಹುದಿತ್ತು. ಅಂಥ ಹೊಂಡಕ್ಕೆ ಬೇಲಿ ಹಾಕುವುದು ದೊಡ್ಡವರ ಕೆಲಸ. ಮಕ್ಕಳನ್ನು ಕಾಯುವ ಹೊಣೆಯನ್ನು ಮಕ್ಕಳ ಮೇಲೇ ಹೊರಿಸಬೇಡಿ ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. ಬೇಸರದಲ್ಲಿ ತಮ್ಮನಿಗೆ 'ನೀನೇ ಹೋಗೋ' ಅನ್ನದ ಅಕ್ಕ ಯಾವ ಊರಲ್ಲೂ ಇಲ್ಲ.

ನಿನ್ನ ಅಪ್ಪನನ್ನು ನಾನು ಬೈಯಲಾರೆ. ಒಂದೊಂದು ಕಂಬ ನೆಡುವಾಗಲೂ ಅವರು ತಮ್ಮನ್ನು ತಾವೇ ಬೈದುಕೊಂಡಿರುತ್ತಾರೆ. ದೊಡ್ಡಮ್ಮನ ಮಾತು ಬೇರೆ. ಸತ್ತ ಮನೆಯಲ್ಲಿ ನಿಂತು ಉಳಿದ ಮಗುವಿಗೆ ಅಂಥ ಮಾತು ಆಡಿದವರು ನಿಮ್ಮ ಮನೆಗೆ ಮತ್ತೆ ಬಂದರೆ, ನೀನು ಎದ್ದು ಒಳಗೆ ಹೋಗು. ಅದು ಅವಮರ್ಯಾದೆಯಲ್ಲ.

ಇವತ್ತು ಸಂಜೆ ಬೇಲಿಯ ಹತ್ತಿರ ಹೋಗಬೇಡ. ಆ ಹೊತ್ತಿಗೆ 14416ಕ್ಕೆ ಕರೆ ಮಾಡು. 2022ರಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಅದು. ನಿಮ್ಹಾನ್ಸ್ ಅದರ ಬೆನ್ನಿಗಿದೆ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ನನಗೆ ಬರೆದಿದ್ದನ್ನು ಅವರಿಗೆ ಬಾಯಿಬಿಟ್ಟು ಹೇಳು. ಅಲ್ಲಿ ನಿಂತಾಗ 'ನಾನೂ ಅವನ ಹಿಂದೆ ಹೋಗ್ಬಿಡಣ' ಅಂತ ಒಮ್ಮೆಯಾದರೂ ಅನ್ನಿಸಿದ್ದರೆ ಅದನ್ನು ಮೊದಲು ಹೇಳು, ರಾತ್ರಿ ಅಮ್ಮನ ಪಕ್ಕದಲ್ಲೇ ಮಲಗು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸಲೆಂದೇ ಮನೋಚೈತನ್ಯ ಎಂಬ ಕಾರ್ಯಕ್ರಮವಿದೆ. ನಿಮ್ಮಲ್ಲಿಗೆ ಯಾವಾಗ ಬರುತ್ತಾರೆಂದು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಅಪ್ಪನನ್ನೂ ಕರೆದುಕೊಂಡು ಹೋಗು.