ಅಪ್ಪನ ಬಿಪಿ ಹತ್ತೇ ನಿಮಿಷದಲ್ಲಿ 158ರಿಂದ 136ಕ್ಕೆ ಇಳಿಯಿತು. ಮೆಷಿನ್ ಕೆಟ್ಟಿದೆಯಾ?

ನಿಮ್ಮ ಅಪ್ಪನಿಗೆ 62 ವರ್ಷ, ಮನೆಗೆ ಹೊಸದಾಗಿ ಬಿಪಿ ಮೆಷಿನ್ ತಂದಿದ್ದೀರಿ. ಬೆಳಗ್ಗೆ 158/94 ಬಂತು, ಹತ್ತು ನಿಮಿಷ ಬಿಟ್ಟು 136/84, ರಾತ್ರಿ 124/78. ಡಾಕ್ಟರ್ ಹತ್ತಿರ ಹೋದರೆ ಮಾತ್ರ ಪ್ರತಿ ಸಲ 160 ದಾಟುತ್ತದೆ. ಇದರಲ್ಲಿ ಯಾವುದು ನಿಜ, ಮೆಷಿನ್ ಅಂಗಡಿಗೆ ವಾಪಸ್ ಕೊಡೋದಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ವಾಪಸ್ ಕೊಡಬೇಡಿ. ನಾಲ್ಕೂ ನಿಜ ಇರಬಹುದು.

ನಾನು ಡಾಕ್ಟರ್ ಅಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು, ಹನ್ನೊಂದು ವರ್ಷದಿಂದ ಬಿಪಿ ಮಾತ್ರೆ ನುಂಗುತ್ತಿರುವವನು. ಈ ಮೆಷಿನ್ ಜೊತೆ ಸಾಕಷ್ಟು ಜಗಳ ಆಡಿದ್ದೇನೆ. ಆ ಅನುಭವದಿಂದ ಹೇಳುತ್ತಿದ್ದೇನೆ.

ಬಿಪಿ ಅಂದರೆ ಎತ್ತರ, ತೂಕದ ಹಾಗೆ ಒಂದೇ ಕಡೆ ನಿಲ್ಲುವ ಸಂಖ್ಯೆ ಅಂದುಕೊಂಡಿರುತ್ತೇವೆ. ಅದು ನಿಲ್ಲುವುದೇ ಇಲ್ಲ. ಹೃದಯ ಹಿಂಡಿದಾಗ ರಕ್ತನಾಳದ ಗೋಡೆಯ ಮೇಲೆ ಬೀಳುವ ಒತ್ತಡ ಮೇಲಿನ ಸಂಖ್ಯೆ, ಎರಡು ಬಡಿತದ ನಡುವೆ ಹೃದಯ ಸಡಿಲವಾದಾಗ ಉಳಿಯುವುದು ಕೆಳಗಿನದು. ತರಗತಿಯಲ್ಲಿ ಒಂದು ಕಥೆ ಹೇಳುತ್ತಿದ್ದೆ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಒಂದು ಕುದುರೆಯ ರಕ್ತನಾಳಕ್ಕೆ ಉದ್ದದ ಗಾಜಿನ ಕೊಳವೆ ಸೇರಿಸಿ ನೋಡಿದ. 1733ರಲ್ಲಿ ಅದನ್ನು ಪ್ರಕಟಿಸಿದ. ರಕ್ತ 8 ಅಡಿಗೂ ಮೇಲೆ ಏರಿತ್ತು. ಏರಿ ಸುಮ್ಮನೆ ನಿಲ್ಲಲಿಲ್ಲ, ಪ್ರತಿ ಬಡಿತಕ್ಕೂ ಕೆಲವು ಇಂಚು ಮೇಲೆ ಕೆಳಗೆ ಆಡುತ್ತಿತ್ತು. ಎಂಟು ಅಡಿಯ ಕೊಳವೆ ಇಟ್ಟುಕೊಂಡು ಯಾವ ಡಾಕ್ಟರೂ ಓಡಾಡಲು ಆಗುವುದಿಲ್ಲ. ಪಾದರಸ ರಕ್ತಕ್ಕಿಂತ ಸುಮಾರು 13 ಪಟ್ಟು ಭಾರ, ಹಾಗಾಗಿ ಅದೇ ಒತ್ತಡಕ್ಕೆ ಅದು ಒಂದು ಗೇಣಿನಷ್ಟು ಏರಿದರೆ ಸಾಕು. 120 ಅಂದರೆ ಪಾದರಸವನ್ನು 120 ಮಿಲಿಮೀಟರ್ ಎತ್ತುವಷ್ಟು ಒತ್ತಡ. ನಿಮ್ಮ ಮೆಷಿನ್‌ನಲ್ಲಿ ಪಾದರಸದ ಹನಿ ಕೂಡ ಇಲ್ಲ, ಅಳತೆಯ ಹೆಸರು ಮಾತ್ರ ಉಳಿದುಕೊಂಡಿದೆ.

ಡಾಕ್ಟರ್ ಕಿವಿಗೆ ಸ್ಟೆತಸ್ಕೋಪ್ ಹಾಕಿ ಕೇಳುವುದು ರಕ್ತದ ಶಬ್ದವನ್ನು. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ತೋರಿಸಿಕೊಟ್ಟ ವಿಧಾನ ಅದು. ಮನೆಯ ಮೆಷಿನ್‌ಗೆ ಕಿವಿ ಇಲ್ಲ. ತೋಳಿಗೆ ಸುತ್ತುವ ಪಟ್ಟಿಯೊಳಗಿನ ಗಾಳಿ ನಾಡಿಯ ಬಡಿತಕ್ಕೆ ಎಷ್ಟು ಅದುರುತ್ತದೆ ಅಂತ ನೋಡಿ, ಲೆಕ್ಕ ಹಾಕಿ ಸಂಖ್ಯೆ ಕೊಡುತ್ತದೆ. ಹಾಗಾಗಿ ನೀವು ಮಾತಾಡಿದರೂ, ಬೆರಳು ಆಡಿಸಿದರೂ ಅದರ ಲೆಕ್ಕ ತಪ್ಪುತ್ತದೆ. ನಾಡಿಯೇ ಅಡ್ಡಾದಿಡ್ಡಿ ಬಡಿಯುತ್ತಿದ್ದರೂ ತಪ್ಪುತ್ತದೆ. ಹೆಚ್ಚಿನ ಮೆಷಿನ್‌ಗಳಲ್ಲಿ ಅದಕ್ಕೊಂದು ಹೃದಯದ ಗುರುತು ಮಿನುಗುತ್ತದೆ. ಪದೇ ಪದೇ ಆ ಗುರುತು ಬಂದರೆ ಡಾಕ್ಟರಿಗೆ ಹೇಳಿ, ಒಂದು ಇಸಿಜಿ ತೆಗೆಯುತ್ತಾರೆ.

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಅಪ್ಪನ ಕೈಯನ್ನು ಟೇಬಲ್ ಮೇಲೆ ಇಡಿಸಿ, ಪಟ್ಟಿ ಎದೆಯ ಮಟ್ಟಕ್ಕೆ ಇರಲಿ. ನೋಡಿ. ಆಮೇಲೆ ಕೈ ತೊಡೆಯ ಪಕ್ಕಕ್ಕೆ ಜೋತುಬಿಟ್ಟು ನೋಡಿ. ಪಟ್ಟಿ ಹೃದಯಕ್ಕಿಂತ 10 ಸೆಂಟಿಮೀಟರ್ ಕೆಳಗೆ ಹೋದರೆ ಸಂಖ್ಯೆ 7-8 ಜಾಸ್ತಿ ಬರುತ್ತದೆ, ರಕ್ತದ ಭಾರದ ಲೆಕ್ಕ ಅಷ್ಟೇ. ಕೈ ಎತ್ತಿ ಹಿಡಿದರೆ ಅಷ್ಟೇ ಕಡಿಮೆ. ನಾನು ಮೊದಲ ಎರಡು ತಿಂಗಳು ಮಂಚದ ಮೇಲೆ ಕೂತು, ಕೈ ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತಿದ್ದೆ. ನೋಟ್‌ಬುಕ್ ತುಂಬಾ 150ರ ಆಸುಪಾಸು. ವಿಜ್ಞಾನದ ಮೇಷ್ಟ್ರು ಬೇರೆ! ಡಾಕ್ಟರ್ ಅದನ್ನು ನೋಡಿ ನನ್ನನ್ನು ಅಲ್ಲೇ ಕೂರಿಸಿ ಹೇಗೆ ನೋಡಿಕೊಳ್ಳುತ್ತೀರಿ ತೋರಿಸಿ ಅಂದರು. ತೋರಿಸಿದೆ. ನಕ್ಕುಬಿಟ್ಟರು.

ಈಗ ನಿಮ್ಮ ಅಪ್ಪನ ಬೆಳಗಿನ 158. ಅದಕ್ಕೆ ಮುಂಚೆ ಅವರು ಏನು ಮಾಡುತ್ತಿದ್ದರು? ಈಗಷ್ಟೇ ಕಾಫಿ ಕುಡಿದಿದ್ದರಾ, ವಾಕಿಂಗ್ ಮುಗಿಸಿ ಬಂದಿದ್ದರಾ, ಮೂತ್ರ ಕಟ್ಟಿಕೊಂಡು ಕೂತಿದ್ದರಾ? ತುಂಬಿದ ಮೂತ್ರಚೀಲವೊಂದೇ ಸಾಕು, ಸಂಖ್ಯೆಯನ್ನು 10ರಷ್ಟು ಮೇಲೆ ತಳ್ಳಬಹುದು. ಪಕ್ಕದಲ್ಲಿ ಮನೆಯವರೆಲ್ಲ ನಿಂತು "ಎಷ್ಟು ಬಂತು, ಎಷ್ಟು ಬಂತು" ಅನ್ನುತ್ತಿದ್ದರೆ ಅದೂ ಸೇರುತ್ತದೆ. ಹತ್ತು ನಿಮಿಷ ಬಿಟ್ಟು 136 ಬಂದದ್ದು ನೋಡಿದರೆ ಅಷ್ಟರಲ್ಲಿ ಅವರು ಕೂತು ಸುಧಾರಿಸಿಕೊಂಡಿದ್ದರು ಅನ್ನಿಸುತ್ತದೆ. ಇನ್ನು ಬೆಳಗ್ಗೆ ಏಳುವ ಹೊತ್ತಿಗೆ ಬಿಪಿ ತಾನಾಗಿ ಏರುತ್ತದೆ, ನಿದ್ದೆಯಲ್ಲಿ ನೂರಕ್ಕೆ 10ರಿಂದ 20ರಷ್ಟು ಇಳಿಯುತ್ತದೆ. ಇದು ಹೆಚ್ಚಿನವರಿಗೆ ಇರುವ ಏರಿಳಿತ.

ಡಾಕ್ಟರ್ ಹತ್ತಿರ ಮಾತ್ರ ಜಾಸ್ತಿ ಬರುವುದಕ್ಕೆ ಬಿಳಿ ಕೋಟಿನ ಬಿಪಿ ಅನ್ನುತ್ತಾರೆ. ಅದರ ಉಲ್ಟಾ ಕೂಡ ಇದೆ, ಕ್ಲಿನಿಕ್‌ನಲ್ಲಿ ಸರಿ, ಮನೆಯಲ್ಲಿ ಜಾಸ್ತಿ. ಎರಡನೆಯದು ಹೆಚ್ಚು ಅಪಾಯ, ಯಾಕೆಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಪಿ ಜಾಸ್ತಿ ಆದರೆ ತಲೆನೋವು ಬಂದೇ ಬರುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹೆಚ್ಚಿನವರಿಗೆ ಏನೂ ಗೊತ್ತಾಗುವುದೇ ಇಲ್ಲ.

ಸರಿಯಾಗಿ ನೋಡಬೇಕು ಅಂದರೆ ಏಳು ದಿನ ತಾಳ್ಮೆ ಬೇಕು. ಬೆಳಗ್ಗೆ ಬಾತ್‌ರೂಮಿಗೆ ಹೋಗಿ ಬಂದ ಮೇಲೆ, ಕಾಫಿ, ತಿಂಡಿ, ಮಾತ್ರೆಗೆ ಮುಂಚೆ ಒಮ್ಮೆ. ಸಂಜೆ ಒಮ್ಮೆ. ಬೆನ್ನಿಗೆ ಆಸರೆ ಇರುವ ಕುರ್ಚಿ, ಪಾದ ಎರಡೂ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ. ಐದು ನಿಮಿಷ ಸುಮ್ನೆ ಕೂರಲಿ. ಟಿವಿ ಸುದ್ದಿಯೂ ಬೇಡ, ಅದರಿಂದ ಯಾರ ಬಿಪಿ ಇಳಿದದ್ದೂ ನಾನು ಕಂಡಿಲ್ಲ. ಅಂಗಿಯ ತೋಳಿನ ಮೇಲೆ ಪಟ್ಟಿ ಕಟ್ಟಬೇಡಿ, ಬನಿಯನ್‌ನಲ್ಲಿ ಕೂತರೆ ಸಲೀಸು. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಎರಡನ್ನೂ ಬರೆಯಿರಿ. ಚೆನ್ನಾಗಿಲ್ಲ ಅಂತ ಮೂರನೇ, ನಾಲ್ಕನೇ ಸಲ ನೋಡಿ ಬೇಕಾದ್ದನ್ನು ಮಾತ್ರ ಬರೆಯುವ ಕಳ್ಳತನ ನಾನೂ ಮಾಡಿದ್ದೇನೆ, ಉಪಯೋಗ ಇಲ್ಲ. ಮೊದಲ ದಿನದ ಸಂಖ್ಯೆ ಬಿಟ್ಟು ಉಳಿದ ಆರು ದಿನದ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಅಥವಾ ಅದಕ್ಕಿಂತ ಮೇಲಿದ್ದರೆ ಜಾಸ್ತಿ ಅಂತ ಲೆಕ್ಕ. ಕ್ಲಿನಿಕ್‌ನಲ್ಲಾದರೆ 140/90. ಅಮೆರಿಕದವರು 2017ರಲ್ಲಿ 130/80ಕ್ಕೆ ಇಳಿಸಿದ್ದಾರೆ, ಅದಕ್ಕೇ ಒಬ್ಬೊಬ್ಬ ಡಾಕ್ಟರ್ ಒಂದೊಂದು ಹೇಳಿದ ಹಾಗೆ ಅನ್ನಿಸುತ್ತದೆ.

ಪಟ್ಟಿಯ ಅಳತೆ ನೋಡಿದ್ದೀರಾ? ಮೆಷಿನ್ ಜೊತೆ ಬರುವ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂಟಿಮೀಟರ್ ತೋಳಿಗೆ. ಅಪ್ಪ ದಪ್ಪ ಇದ್ದು ತೋಳು 35 ಇದ್ದರೆ ಚಿಕ್ಕ ಪಟ್ಟಿ ಸುಮ್ಮಸುಮ್ಮನೆ ಜಾಸ್ತಿ ತೋರಿಸುತ್ತದೆ. ಟೈಲರ್ ಟೇಪ್ ಹಿಡಿದು ಒಂದು ಸಲ ಅಳೆಯಿರಿ. ಮೊದಲ ದಿನ ಎರಡೂ ಕೈ ನೋಡಿ, ಜಾಸ್ತಿ ಬರುವ ಕೈಯನ್ನೇ ಮುಂದೆಯೂ ಬಳಸಿ.

ನಾನು ಮಾಡಿದ ಒಂದು ತಪ್ಪು ಹೇಳಲೇಬೇಕು. ಮೊಮ್ಮಗಳ ನಾಮಕರಣದ ಹಿಂದಿನ ರಾತ್ರಿ. ಅಡುಗೆಯವರು ಕೈಕೊಟ್ಟಿದ್ದರು, ಮನೆ ತುಂಬಾ ಗಲಾಟೆ. ಹನ್ನೊಂದು ಗಂಟೆಗೆ ನೋಡಿದೆ, 168. ಗಾಬರಿಯಾಗಿ ಮತ್ತೆ ನೋಡಿದೆ, 172. ಮತ್ತೆ, 176. ನೋಡಿದಷ್ಟೂ ಏರುತ್ತಿತ್ತು. ಯಾರನ್ನೂ ಕೇಳದೆ ಇನ್ನೊಂದು ಮಾತ್ರೆ ನುಂಗಿದೆ. ನನ್ನದರಲ್ಲಿ ಮೂತ್ರ ಜಾಸ್ತಿ ಮಾಡಿಸುವ ಔಷಧವೂ ಸೇರಿತ್ತು. ರಾತ್ರಿ ಮೂರು ಸಲ ಎದ್ದೆ. ಬೆಳಗಿನ ಜಾವ ನಾಲ್ಕನೇ ಸಲ ಎದ್ದವನಿಗೆ ಕಣ್ಣಿಗೆ ಕತ್ತಲು ಕವಿಯಿತು, ಬಾತ್‌ರೂಮಿನ ಬಾಗಿಲ ಚೌಕಟ್ಟು ಹಿಡಿದುಕೊಂಡೇ ಕುಸಿದೆ. ನಾಮಕರಣದ ಫೋಟೋಗಳಲ್ಲಿ ನನ್ನ ಹಣೆಯ ಮೇಲೆ ಬ್ಯಾಂಡೇಜ್ ಇದೆ. ಡಾಕ್ಟರ್ ಮಲಗಿಸಿ ನೋಡಿದಾಗ 122, ನಿಲ್ಲಿಸಿ ನೋಡಿದಾಗ 98. "ಸರ್, ನೀವು ಮಾತ್ರೆ ತಗೊಂಡಿದ್ದು ನಿಮಗಲ್ಲ, ಮೆಷಿನ್‌ಗೆ" ಅಂದರು.

ಎದ್ದು ನಿಂತಾಗ ಅಪ್ಪನಿಗೆ ತಲೆಸುತ್ತು ಬಂದರೆ ನೀವೂ ಹಾಗೇ ನೋಡಬಹುದು. ನಿಂತ ಮೂರು ನಿಮಿಷದೊಳಗೆ ಮೇಲಿನದು 20 ಇಳಿದರೆ ಡಾಕ್ಟರಿಗೆ ತಿಳಿಸಿ.

ಸರಾಸರಿ ನಿಜವಾಗಿಯೂ ಏರಿದ್ದರೆ ಮನೆಯೊಳಗೆ ಕಾರಣ ಹುಡುಕಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲರಿಗೂ ಗೊತ್ತು. ಮಂಡಿನೋವಿಗೆ ಮೆಡಿಕಲ್ ಶಾಪ್‌ನಿಂದ ತಂದು ನುಂಗುವ ಡೈಕ್ಲೋಫೆನಾಕ್ ಥರದ ಮಾತ್ರೆ, ಮೂಗು ಕಟ್ಟಿದ್ದಕ್ಕೆ ತೆಗೆದುಕೊಳ್ಳುವ ಕೆಲವು ನೆಗಡಿ ಮಾತ್ರೆ, ಇವೂ ಬಿಪಿ ಏರಿಸುತ್ತವೆ ಅಂತ ಹೆಚ್ಚಿನವರಿಗೆ ಗೊತ್ತಿಲ್ಲ. ಏಕಾದಶಿ ಉಪವಾಸ ಅಂತ ಬಿಪಿ ಮಾತ್ರೆಗೂ ರಜೆ ಕೊಡುವವರು ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ. ಹೊಸ ಮಾತ್ರೆ ಕೊಟ್ಟಿದ್ದರೆ ಎರಡೇ ದಿನಕ್ಕೆ ಕೆಲಸ ಮಾಡಲಿಲ್ಲ ಅನ್ನಬೇಡಿ, ಆಮ್ಲೋಡಿಪಿನ್‌ನಂಥದ್ದಕ್ಕೆ ವಾರವಾದರೂ ಬೇಕು.

ಗಾಬರಿ ಪಡಬೇಕಾದ ಸಂಖ್ಯೆಯೂ ಇದೆ. 180/120 ದಾಟಿದರೆ ಐದು ನಿಮಿಷ ಕೂರಿಸಿ ಮತ್ತೆ ನೋಡಿ. ಮತ್ತೆ ಅಷ್ಟೇ ಬಂದು ಬೇರೇನೂ ತೊಂದರೆ ಇಲ್ಲದಿದ್ದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ, ನಾಲಿಗೆ ಕೆಳಗೆ ಮಾತ್ರೆ ಇಡುವ ಹಳೇ ಪದ್ಧತಿಗೆ ಹೋಗಬೇಡಿ. ಒಮ್ಮೆಲೇ ಬಿಪಿ ಕುಸಿದರೆ ಅದೇ ಅಪಾಯ. ಆದರೆ ಎದೆನೋವು, ಏದುಸಿರು, ಮಾತು ತೊದಲುವುದು, ಮುಖ ಓರೆಯಾಗುವುದು, ಒಂದು ಕಡೆ ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು, ಇವುಗಳಲ್ಲಿ ಒಂದಿದ್ದರೂ ಮೆಷಿನ್ ಪಕ್ಕಕ್ಕಿಟ್ಟು 108ಕ್ಕೆ ಕರೆ ಮಾಡಿ. ಆಗ ಸಂಖ್ಯೆ ಎಷ್ಟೇ ಇರಲಿ.

ಮೆಷಿನ್ ವಿಷಯಕ್ಕೆ ಬರೋಣ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ನೋಟ್‌ಬುಕ್ ಜೊತೆ ಅದನ್ನೂ ಚೀಲಕ್ಕೆ ಹಾಕಿಕೊಳ್ಳಿ. ಅವರು ನೋಡಿದ ಕೈಯಲ್ಲೇ, ಅಲ್ಲೇ ಕೂತು ನಿಮ್ಮದರಲ್ಲೂ ಎರಡು ಮೂರು ಸಲ ನೋಡಿ. ಐದರೊಳಗೆ ವ್ಯತ್ಯಾಸ ಇದ್ದರೆ ನಂಬಬಹುದು. ಪ್ರತಿ ಸಲ ಹತ್ತು ದಾಟಿದರೆ ಆಗ ಅಂಗಡಿಗೆ ಹೋಗಿ, ಬಿಲ್ ಅಲ್ಲಿಯತನಕ ಎಸೆಯಬೇಡಿ.