ಕಾನೂನು ಕಟ್ಟೆ: ಅಮೆರಿಕದ ಫೆಡರಲ್ ಜಡ್ಜ್ ಹುದ್ದೆಗೂ ಪರೀಕ್ಷೆ ಇದೆಯೇ?

ಪ್ರಶ್ನೆ: ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿದ್ದೇನೆ, ಸಿವಿಲ್ ಜಡ್ಜ್ ಆಗುವಾಸೆ. ಅಮೆರಿಕದಲ್ಲಿ ಫೆಡರಲ್ ವಿಚಾರಣಾ ನ್ಯಾಯಾಧೀಶರಾಗಲೂ ಪರೀಕ್ಷೆ ಬರೆಯಬೇಕೇ? ಅವರಿಗೆ ನಿವೃತ್ತಿಯೇ ಇಲ್ಲವಂತೆ, ನಿಜವೇ?
– ಓದುಗರು, ಮಂಡ್ಯ

ಉತ್ತರ: ಪರೀಕ್ಷೆ ಇಲ್ಲ. ಅಲ್ಲಿನ ಸಂವಿಧಾನ ವಯಸ್ಸನ್ನಾಗಲಿ, ಕಾನೂನು ಪದವಿಯನ್ನಾಗಲಿ ಕೇಳುವುದಿಲ್ಲ. ಆದರೂ ವರ್ಷಗಟ್ಟಲೆ ವಕೀಲಿಕೆ ಮಾಡದವರ ಹೆಸರು ಮುಂದೆ ಬರುವುದು ಅಪರೂಪ. ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಎಫ್‌ಬಿಐ ಹಿನ್ನೆಲೆ ಜಾಲಾಡುತ್ತದೆ, ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ನ್ಯಾಯಾಂಗ ಸಮಿತಿ ಎದುರು ಕೂರಿಸಿ ಪ್ರಶ್ನಿಸುತ್ತದೆ. ಕೊನೆಗೆ ಸೆನೆಟ್‌ನಲ್ಲಿ ಸರಳ ಬಹುಮತ ಸಾಕು. ಹೆಸರು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಸಮಿತಿಯಲ್ಲೇ. ಆ ಕೋರ್ಟ್ ಇರುವ ರಾಜ್ಯದ ಇಬ್ಬರು ಸೆನೆಟರುಗಳಿಗೆ ಒಂದು ನೀಲಿ ಚೀಟಿ ಹೋಗುತ್ತದೆ. ಒಬ್ಬರು ಒಪ್ಪಿ ವಾಪಸು ಕಳಿಸದಿದ್ದರೂ ಕಡತ ಮೇಲೇಳುವುದು ಕಷ್ಟ. ಇದು ಕಾನೂನಲ್ಲ, ಬರೀ ಸಂಪ್ರದಾಯ. ರಾಜಕೀಯವಲ್ಲವೇ ಎಂದರೆ, ಹೌದು, ರಾಜಕೀಯವೇ.

ನಿವೃತ್ತಿ ವಯಸ್ಸಿಲ್ಲ ಎಂಬುದು ನಿಜ. ನಮ್ಮ ಜಿಲ್ಲಾ ನ್ಯಾಯಾಧೀಶರು 60ಕ್ಕೆ ಇಳಿಯುತ್ತಾರೆ. ಅಲ್ಲಿ 65 ತುಂಬಿ 15 ವರ್ಷ ಸೇವೆಯಾದರೆ ‘ಸೀನಿಯರ್’ ಆಗಿ ಕಡಿಮೆ ಕೇಸು ನೋಡಬಹುದು. ವಯಸ್ಸು, ಸೇವೆ ಕೂಡಿ 80 ಆಗಬೇಕು, ಹಾಗಾಗಿ 70ಕ್ಕೆ 10 ವರ್ಷ ಸಾಕು. ತೆಗೆದುಹಾಕಲು ಮಹಾಭಿಯೋಗವೇ ದಾರಿ: ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಮತ ಬೇಕು. ಅದೇ ಕೋರ್ಟಿನಲ್ಲಿ ನೆರವಾಗುವ ಮ್ಯಾಜಿಸ್ಟ್ರೇಟ್ ಜಡ್ಜ್‌ಗಳನ್ನು ಇವರೊಂದಿಗೆ ಬೆರೆಸಬೇಡಿ. ಅವರನ್ನು ಆ ಕೋರ್ಟಿನ ಜಡ್ಜ್‌ಗಳೇ ನೇಮಿಸುತ್ತಾರೆ. ಪೂರ್ಣಕಾಲಿಕರ ಅಧಿಕಾರಾವಧಿ 8 ವರ್ಷ.

ಇನ್ನು ನಿಮ್ಮ ವಿಷಯ. ಸಿವಿಲ್ ಜಡ್ಜ್ ಪರೀಕ್ಷೆಗೆ 3 ವರ್ಷದ ವಕೀಲಿಕೆ ಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ಹೇಳಿದೆ. ಎಣಿಕೆ ತಾತ್ಕಾಲಿಕ ನೋಂದಣಿಯಿಂದ, ಆದ್ದರಿಂದ ಪದವಿ ಬಂದ ಕೂಡಲೇ ಸನ್ನದು (ವಕೀಲರಾಗಿ ನೋಂದಣಿ) ಮಾಡಿಸಿ. ಅರ್ಜಿ ಹಾಕುವಾಗ ಹೈಕೋರ್ಟಿನ ಅಧಿಸೂಚನೆ ಓದಿಕೊಳ್ಳಿ.